ಮ್ಯಾಕ್‌ಬೆತ್ ಮೊದಲಾ, ಮೂರನೇ ರಿಚರ್ಡ್ ಮೊದಲಾ?

ಅಧಿಕಾರದ ಹಸಿವಿನ ಬಗ್ಗೆ ಶೇಕ್ಸ್‌ಪಿಯರ್‌ನ ಒಂದೇ ನಾಟಕ ಓದಲು ಸಮಯವಿದ್ದರೆ ಮ್ಯಾಕ್‌ಬೆತ್ ಹಿಡಿಯಿರಿ. ಅವನ ದುರಂತ ನಾಟಕಗಳಲ್ಲಿ ಇದೇ ಚಿಕ್ಕದು. 'ಮೂರನೇ ರಿಚರ್ಡ್' ತುಂಬಾ ಉದ್ದ. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಆಡಿದ ಜಗಳ ಗೊತ್ತಿಲ್ಲದಿದ್ದರೆ ಯಾರು ಯಾರ ಕಡೆ ಎಂದು ತಿಳಿಯುವುದೇ ಕಷ್ಟ.

ಇಬ್ಬರೂ ಕೊಲೆ ಮಾಡಿಯೇ ಸಿಂಹಾಸನ ಏರುತ್ತಾರೆ. ಆದರೆ ತಾನು ಕೆಟ್ಟವನಾಗಲು ನಿರ್ಧರಿಸಿದ್ದೇನೆ ಎಂದು ರಿಚರ್ಡ್ ತನ್ನ ಮೊದಲ ಮಾತಿನಲ್ಲೇ ನಮಗೆ ಹೇಳಿಬಿಡುತ್ತಾನೆ. ತಾನೇ ಕೊಂದ ದೊರೆ ಹೆನ್ರಿಯ ಶವದ ಪಕ್ಕದಲ್ಲೇ ನಿಂತು, ಆ ಮನೆಯ ವಿಧವೆ ಸೊಸೆ ಆನ್‌ಳನ್ನು ಒಲಿಸಿಕೊಳ್ಳುತ್ತಾನೆ! ಅವಳ ಗಂಡನನ್ನು ಕೊಂದವನೂ ಇವನೇ. ಈ ಒಂದು ದೃಶ್ಯಕ್ಕಾಗಿಯೇ ನಾಟಕ ಓದಬಹುದು. ಮನಸ್ಸಾಕ್ಷಿ ಅವನನ್ನು ಜೋರಾಗಿ ಚುಚ್ಚುವುದು ಕೊನೆಯ ಯುದ್ಧದ ಹಿಂದಿನ ರಾತ್ರಿ ಮಾತ್ರ.

ಮ್ಯಾಕ್‌ಬೆತ್‌ಗೆ ಹಾಗಲ್ಲ. ದೊರೆ ಡಂಕನ್‌ನನ್ನು ಕೊಲ್ಲುವ ಮೊದಲೇ ಗಾಳಿಯಲ್ಲಿ ಕಠಾರಿ ಕಾಣುತ್ತದೆ. ಕೊಂದ ಮೇಲೆ ನಿದ್ದೆಯೇ ಇಲ್ಲ. ಅವನನ್ನು ಹುರಿದುಂಬಿಸಿದ ಹೆಂಡತಿಯೂ ಕೊನೆಗೆ ನಿದ್ದೆಯಲ್ಲಿ ನಡೆಯುತ್ತಾ, ಇಲ್ಲದ ರಕ್ತದ ಕಲೆ ಉಜ್ಜುತ್ತಾಳೆ. ನನ್ನನ್ನು ಜಾಸ್ತಿ ಕಾಡುವುದು ಈ ಗಂಡ ಹೆಂಡತಿಯೇ.

ರಾಜಕೀಯದ ಆಟ, ಮಾತಿನ ಚಮತ್ಕಾರ ಇಷ್ಟವಾದರೆ ಮಾತ್ರ ರಿಚರ್ಡ್‌ನಿಂದ ಶುರುಮಾಡಿ. ಕನ್ನಡದಲ್ಲೇ ಬೇಕಾದರೆ ಡಿ.ವಿ.ಜಿ. ಅನುವಾದಿಸಿದ ಮ್ಯಾಕ್‌ಬೆತ್ ಇದೆ. ಎಚ್.ಎಸ್. ಶಿವಪ್ರಕಾಶರ 'ಮಾರನಾಯಕನ ದೃಷ್ಟಾಂತ' ಕೂಡ ಇದೇ ಕಥೆಯಿಂದ ಹುಟ್ಟಿದ್ದು.