ಸಬ್‌ವೂಫರ್ ಪರೀಕ್ಷೆಗೆ ಯಾವುದು ಸರಿ: ತೋಪು, ಆರ್ಗನ್, ಡಬಲ್ ಬೇಸ್, ಡಗ್ಗಾ?

ಅಂಗಡಿಯಲ್ಲಿ ಸಬ್‌ವೂಫರ್ (ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ತೋರಿಸಲು ಹಾಕುವುದು ಬಹುಮಟ್ಟಿಗೆ ಒಂದೇ ಜಾತಿಯ ಟ್ರ್ಯಾಕ್: ಐವತ್ತು ಅರವತ್ತು ಹರ್ಟ್ಜ್‌ನಲ್ಲಿ ದಬದಬ ಬಡಿಯುವ ಯಾವುದೋ ‘ಬೇಸ್ ಬೂಸ್ಟೆಡ್’ ಹಾಡು. ಅದರಲ್ಲಿ ಅಗ್ಗದ್ದೂ ಪಾಸು, ದುಬಾರಿಯದ್ದೂ ಪಾಸು. ಎಲ್ಲರೂ ಪಾಸಾಗುವ ಪರೀಕ್ಷೆಯಿಂದ ಕೊಳ್ಳುವವರಿಗೆ ತಿಳಿಯುವುದೇನೂ ಇಲ್ಲ. ಅದಕ್ಕೇ ಐದು ಬಗೆಯ ಧ್ವನಿಮುದ್ರಣಗಳನ್ನು ಪಕ್ಕಪಕ್ಕ ಇಟ್ಟು, ಯಾವುದು ಯಾವ ದೋಷವನ್ನು ಹೊರಗೆಳೆಯುತ್ತದೆ ಎಂದು ನೋಡಿದ್ದೇವೆ.

ಜಾಗ: 15×12 ಅಡಿ ಹಾಲ್, 10 ಅಡಿ ಎತ್ತರದ ತಾರಸಿ, ಇಟ್ಟಿಗೆ ಗೋಡೆ, ಟೈಲ್ಸ್ ನೆಲ. ನಮ್ಮ ಕಡೆಯ ಮನೆಗಳಲ್ಲಿ ಇದೇ ಸಾಮಾನ್ಯ. ಮರದ ಚೌಕಟ್ಟಿನ ಮನೆಗಳಲ್ಲಿ ಬೇಸ್ ಗೋಡೆಯಾಚೆ ಒಂದಿಷ್ಟು ಸೋರಿಹೋಗುತ್ತದೆ. ಇಟ್ಟಿಗೆ, ಕಾಂಕ್ರೀಟಿನ ನಡುವೆ ಅದು ಒಳಗೇ ತಿರುಗಿ ತಿರುಗಿ ಗುಂಯ್‌ಗುಡುತ್ತದೆ. ಸಬ್‌ವೂಫರ್‌ಗಳು ಎರಡು: ಗಾಳಿಕೊಳವೆ ಇರುವ 10 ಇಂಚಿನ ಪೋರ್ಟೆಡ್ ಒಂದು, ಮುಚ್ಚಿದ ಪೆಟ್ಟಿಗೆಯ 12 ಇಂಚಿನ ಸೀಲ್ಡ್ ಇನ್ನೊಂದು. ಎರಡನ್ನೂ ಒಂದೇ ಮೂಲೆಯಲ್ಲಿಟ್ಟು, ಕ್ರಾಸ್‌ಓವರ್ (ಸಬ್‌ವೂಫರ್ ಮುಗಿದು ಮುಂದಿನ ಸ್ಪೀಕರ್ ಶುರುವಾಗುವ ಗಡಿ) 80 ಹರ್ಟ್ಜ್‌ಗೆ ಇಟ್ಟು, ರಿಸೀವರ್‌ನ ಬೇಸ್ ಬೂಸ್ಟ್, ಲೌಡ್‌ನೆಸ್ ಎಲ್ಲ ಆಫ್ ಮಾಡಿ, ಟೆಸ್ಟ್ ಟೋನ್‌ನಲ್ಲಿ 75 ಡೆಸಿಬೆಲ್‌ಗೆ ಸರಿಹೊಂದಿಸಿ ಕೇಳಿದ್ದು. ಮಟ್ಟ ಸರಿಹೊಂದಿಸದೆ ಹೋಲಿಸಿದರೆ, ಯಾವುದು ಜೋರಾಗಿದೆಯೋ ಅದೇ ಒಳ್ಳೆಯದು ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಮೊದಲು ಫೈಲ್ ಒಳಗೆ ನಿಜಕ್ಕೂ ಏನಿದೆ ನೋಡಬೇಕು. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಫೈಲ್ ತೆರೆದು, ಬೇಸ್ ಇರುವ ಹತ್ತು ಸೆಕೆಂಡ್ ಆಯ್ದು, ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿ. ಅಲ್ಲಿ ‘ಸೈಜ್’ ಅನ್ನು 65536ಕ್ಕೆ ಬದಲಿಸುವುದನ್ನು ಮರೆಯಬಾರದು. 2048ರಲ್ಲೇ ಬಿಟ್ಟರೆ ನಕ್ಷೆಯ ಒಂದೊಂದು ಮನೆಯ ಅಗಲ 21 ಹರ್ಟ್ಜ್ ದಾಟುತ್ತದೆ. 20ಕ್ಕೂ 40ಕ್ಕೂ ನಡುವೆ ಏನಿದೆ ಎನ್ನುವುದೇ ಕಾಣುವುದಿಲ್ಲ. 65536ಕ್ಕೆ ಇಟ್ಟರೆ ಅದು ಮುಕ್ಕಾಲು ಹರ್ಟ್ಜ್‌ಗೂ ಕಡಿಮೆ. ಹೀಗೆ ನೋಡಿದರೆ ‘ಡೀಪ್ ಬೇಸ್’ ಎಂದು ಹೆಸರಿಟ್ಟ ಎಷ್ಟೋ ಹಾಡುಗಳಲ್ಲಿ 45ರ ಕೆಳಗೆ ಬರೀ ಖಾಲಿ. ಎಂಪಿ3 ಬೇಸ್ ತಿನ್ನುತ್ತದೆ ಎಂಬ ಮಾತೂ ಸುಳ್ಳು. ಬಿಟ್‌ರೇಟ್ ಇಳಿಸಿದಾಗ ಮೊದಲು ಹೋಗುವುದು ಮೇಲಿನ ತುದಿ.

ಹೋಲಿಕೆಗೆ ಒಂದಷ್ಟು ಗುರುತು ಇಟ್ಟುಕೊಳ್ಳಿ. ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್, ನಾಲ್ಕು ತಂತಿಯ ಬೇಸ್ ಗಿಟಾರ್ ಇಳಿಯುವುದು 41 ಹರ್ಟ್ಜ್‌ವರೆಗೆ. ಐದು ತಂತಿಯದ್ದು 31. ಪಿಯಾನೋದ ಎಡತುದಿಯ ಮನೆ 27.5. ಚರ್ಚ್ ಆರ್ಗನ್‌ನಲ್ಲಿ 16 ಅಡಿ ಕೊಳವೆಯ ‘ಸಿ’ 32.7, 32 ಅಡಿ ಕೊಳವೆಯದ್ದು 16.35.

ಈಗ ಡಬಲ್ ಬೇಸ್. ರೆಬೆಕ್ಕಾ ಪಿಜನ್ ಹಾಡಿರುವ ‘ಸ್ಪ್ಯಾನಿಷ್ ಹಾರ್ಲೆಮ್’ (ಚೆಸ್ಕಿ, 1994) ಆಡಿಯೋ ಮಂದಿಯ ಹಳೆಯ ಪರಿಚಯ, ಕೇಳಿ ಕೇಳಿ ಸವೆದದ್ದು. ಆದರೂ ಅದನ್ನು ಬಿಡಲಾಗದು, ಯಾಕೆಂದರೆ ಅದರ ಬೇಸ್ ಸ್ವರಗಳ ಲೆಕ್ಕ ಕೈಯಲ್ಲಿದೆ. ಮೊದಲ ಗುಂಪು 49, 62, 73 ಹರ್ಟ್ಜ್. ನಂತರ 65, 82, 98. ಆಮೇಲೆ 73, 93, 110. ಮೀಟು ಹೆಚ್ಚುಕಡಿಮೆ ಒಂದೇ ಸಮ. ಹಾಗಾಗಿ ಒಂದು ಸ್ವರ ಉಬ್ಬಿ ಇನ್ನೊಂದು ಮಾಯವಾದರೆ ತಪ್ಪು ವಾದಕರದಲ್ಲ, ಕೋಣೆಯದ್ದು.

ನಮ್ಮ ಹಾಲ್‌ನಲ್ಲಿ ಆದದ್ದು ಹೀಗೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಮೀಟರ್‌ನಲ್ಲಿ ಹೇಳಿದ ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಅನುರಣನ ಸಿಗುತ್ತದೆ. 15 ಅಡಿಗೆ 37.5 ಹರ್ಟ್ಜ್, 12 ಅಡಿಗೆ 47, 10 ಅಡಿಗೆ 56. ಸೋಫಾ 12 ಅಡಿ ಅಗಲದ ನಟ್ಟನಡುವೆ ಇದ್ದಾಗ 47ರ ಅಲೆಗೆ ಅಲ್ಲಿ ಬಲವೇ ಇಲ್ಲ. 49ರ ಸ್ವರ ಮೀಟಿದ್ದೂ ಗೊತ್ತಾಗದಷ್ಟು ತೆಳು. ಅದೇ ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡಿದ್ದರಿಂದ, ಉದ್ದದ ಎರಡನೇ ಅನುರಣನವಾದ 75 ಉಬ್ಬಿ, ಪಕ್ಕದ 73ರ ಸ್ವರ ಕೊಡ ತುಂಬಿದ ಹಾಗೆ ‘ಬುಂ’ ಎನ್ನುತ್ತಿತ್ತು. ಎರಡೂ ಸಬ್‌ವೂಫರ್‌ಗಳಲ್ಲಿ ಅದೇ ಕಥೆ. ಸೋಫಾವನ್ನು ಗೋಡೆಯಿಂದ ಎರಡಡಿ ಮುಂದೆ, ನಡುವಿನಿಂದ ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದ ಮೇಲೆ ಮೂರೂ ಸ್ವರ ಒಂದು ಸಾಲಿಗೆ ಬಂದವು. ಖರ್ಚು ಸೊನ್ನೆ. ಇದನ್ನು ನೋಡದೆ ಸಬ್‌ವೂಫರ್ ವಾಪಸ್ ಕೊಟ್ಟು ಇನ್ನೊಂದು ತರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಆದರೆ ಡಬಲ್ ಬೇಸ್ ಸಬ್‌ವೂಫರ್‌ನ ಆಳ ಅಳೆಯಲಾರದು. ಅದಕ್ಕೆ ಆರ್ಗನ್ ಬೇಕು.

ಎರಡು ಕೃತಿ ಹಾಕಿ ನೋಡಿದೆವು. ಒಂದು, ರಿಚರ್ಡ್ ಸ್ಟ್ರಾಸ್‌ನ ‘ಆಲ್ಸೊ ಸ್ಪ್ರಾಖ್ ಜರತುಷ್ಟ್ರ’ (1896). ತುತ್ತೂರಿ ಏಳುವ ಮುನ್ನ ಆರ್ಗನ್, ಡಬಲ್ ಬೇಸ್, ಕಾಂಟ್ರಾಬಾಸೂನ್, ದೊಡ್ಡ ಡ್ರಮ್ ಕೂಡಿ ಹಿಡಿಯುವ ಒಂದೇ ಒಂದು ಆಳದ ‘ಸಿ’. ಇನ್ನೊಂದು, ಸ್ಯಾಂ-ಸಾನ್ಸ್‌ನ ಮೂರನೇ ಸಿಂಫನಿ (1886), ಷಾರ್ಲ್ ಮ್ಯೂನ್ಷ್ ನಿರ್ದೇಶನದಲ್ಲಿ ಬಾಸ್ಟನ್ ಸಿಂಫನಿ 1959ರಲ್ಲಿ ಆರ್‌ಸಿಎಗೆ ನುಡಿಸಿದ್ದು. ಪರೀಕ್ಷೆಗೆ ಬೇಕಾದ್ದು ಅದರ ಕೊನೆಯ ಅಬ್ಬರವಲ್ಲ. ಆರ್ಗನ್ ಮೊದಲ ಬಾರಿ ಮೆಲ್ಲಗೆ ಒಳಬರುವ ನಿಧಾನದ ಭಾಗ. ಒಳ್ಳೆಯ ಸಬ್‌ವೂಫರ್‌ನಲ್ಲಿ ಪೆಡಲ್ ಸ್ವರ (ಆರ್ಗನ್‌ನಲ್ಲಿ ಕಾಲಿನಿಂದ ನುಡಿಸುವ ತಗ್ಗಿನ ಸ್ವರ) ‘ಕೇಳಿಸುವುದಿಲ್ಲ’. ಕೋಣೆಯ ಗಾಳಿಗೆ ತೂಕ ಬಂದಂತಾಗುತ್ತದೆ, ಸ್ವರ ನಿಂತಾಗ ತೂಕ ಇಳಿಯುತ್ತದೆ.

ಇಲ್ಲಿ ಕಿವಿ ಮೋಸ ಹೋಗುವುದು ಸುಲಭ. 33 ಹರ್ಟ್ಜ್‌ನ ಸ್ವರದ ಜೊತೆ 66, 99 ಕೂಡ ಇರುತ್ತವೆ. ಮೂಲ ಸ್ವರವನ್ನು ಪೂರ್ತಿ ಕಿತ್ತರೂ ಮಿಕ್ಕವನ್ನು ಕೇಳಿ ಮಿದುಳು ಮೂಲವನ್ನು ತಾನೇ ತುಂಬಿಕೊಳ್ಳುತ್ತದೆ. ಆರೂವರೆ ಇಂಚಿನ ಡಬ್ಬಿಯೂ ‘ಆರ್ಗನ್ ನುಡಿಸುತ್ತದೆ’ ಎನ್ನಿಸುವುದು ಇದರಿಂದಲೇ. ಪತ್ತೆಗೆ ಒಂದು ದಾರಿ: ಆಂಪ್ಲಿಫೈಯರ್ ಆಫ್ ಮಾಡಿ, ಮುಂದಿನ ಸ್ಪೀಕರ್‌ಗಳ ತಂತಿ ಬಿಚ್ಚಿ, ಮತ್ತೆ ಆನ್ ಮಾಡಿ ಸಬ್‌ವೂಫರ್ ಒಂದನ್ನೇ ಹಾಡಿಸಿ, ಜೊತೆಗೆ 30 ಹರ್ಟ್ಜ್‌ನ ಬರೀ ಸೈನ್ ಟೋನ್ ಕೂಡ, ವಾಲ್ಯೂಮ್ ತಗ್ಗಿಸಿಟ್ಟು. ಸ್ಪಷ್ಟವಾದ ‘ಹೂಂ’ ಸದ್ದು ಕೇಳಿದರೆ ಅದು ಬಹುಮಟ್ಟಿಗೆ 30 ಅಲ್ಲ, ಕೋನ್ (ಸ್ಪೀಕರ್‌ನ ಅಲುಗುವ ಪರದೆ) ಒದ್ದಾಡಿ ಹುಟ್ಟಿಸಿದ 60, 90. ನಮ್ಮ ಕಿವಿಗೆ 20 ಹರ್ಟ್ಜ್ ಕೇಳಲು ಸುಮಾರು 78 ಡೆಸಿಬೆಲ್ ಬೇಕು, 50ಕ್ಕಾದರೆ 44 ಸಾಕು. ಹಾಗಾಗಿ ಚೂರು ವಿಕೃತಿಯೂ ಮೂಲಕ್ಕಿಂತ ಎದ್ದು ಕೇಳುತ್ತದೆ.

ಎರಡು ಪೆಟ್ಟಿಗೆಗಳ ಅಂತರ ಬಯಲಾದದ್ದು ಇಲ್ಲಿಯೇ. ಜರತುಷ್ಟ್ರದ 33 ಹರ್ಟ್ಜ್‌ನಲ್ಲಿ ಪೋರ್ಟೆಡ್ 10 ಇಂಚು ಹೆಚ್ಚು ತುಂಬಿಕೊಂಡಿತ್ತು. ಸ್ಯಾಂ-ಸಾನ್ಸ್‌ನಲ್ಲಿ ಅದಕ್ಕಿಂತ ಕೆಳಗಿಳಿದಾಗ ಕೊಳವೆಯಿಂದ ಸುಯ್ ಸುಯ್ ಗಾಳಿ. ಪೋರ್ಟ್‌ನ ಟ್ಯೂನಿಂಗ್‌ಗಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆ ತಪ್ಪುತ್ತದೆ. ಅಲ್ಲಿಂದ ಸದ್ದು ಪ್ರತಿ ಆಕ್ಟೇವ್‌ಗೆ (ಹರ್ಟ್ಜ್ ಅರ್ಧಕ್ಕಿಳಿದಾಗಲೆಲ್ಲ) 24 ಡೆಸಿಬೆಲ್ ಕುಸಿಯುತ್ತದೆ. ಸೀಲ್ಡ್ ಪೆಟ್ಟಿಗೆಯಲ್ಲಿ ಕುಸಿತ 12 ಮಾತ್ರ, ಅದೂ ಮೆಲ್ಲಗೆ. ಸಿನಿಮಾಕ್ಕೆ ಪೋರ್ಟೆಡ್ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಆರ್ಗನ್ ಕೇಳುವವರು ಈ ಒಂದು ನಿಮಿಷ ಹಾಕಿಸಿ ನೋಡದೆ ದುಡ್ಡು ಕೊಡಬಾರದು. ಒಂದು ಎಚ್ಚರಿಕೆ: ಒಂದೇ ಕೃತಿಯನ್ನು ಬೇರೆ ಬೇರೆ ಹಾಲ್‌ಗಳಲ್ಲಿ, ಬೇರೆ ಬೇರೆ ಆರ್ಗನ್ ಇಟ್ಟು ಮುದ್ರಿಸಿರುತ್ತಾರೆ. ಹೆಸರು ನೋಡಿ ನಂಬದೆ ಪ್ರತಿಯೊಂದನ್ನೂ ಆಡಾಸಿಟಿಯಲ್ಲಿ ಅಳೆಯಬೇಕು.

ತೋಪಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಎರಿಕ್ ಕುಂಜೆಲ್, ಸಿನ್ಸಿನಾಟಿ ಸಿಂಫನಿ 1978ರಲ್ಲಿ ಟೆಲಾರ್ಕ್‌ಗೆ ಮುದ್ರಿಸಿದ ‘1812’ ಓವರ್ಚರ್‌ನಲ್ಲಿ ನಿಜವಾದ ತೋಪುಗಳಿವೆ; ಎಲ್‌ಪಿಯಲ್ಲಿ ಆ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ, ಹೊದಿಕೆಯ ಮೇಲೆ ಎಚ್ಚರಿಕೆಯೂ ಅಚ್ಚಾಗಿದೆ. ತೊಂದರೆ ಏನೆಂದರೆ ಸಂಗೀತದ ಭಾಗ ತೀರ ಮೆಲ್ಲಗಿದೆ. ಅದಕ್ಕೆ ಹೊಂದುವಂತೆ ವಾಲ್ಯೂಮ್ ಏರಿಸಿ ಕೂತರೆ ಮೊದಲ ತೋಪಿಗೆ ಕೋನ್ ಅಲುಗಿಸುವ ತಂತಿಸುರುಳಿ (ವಾಯ್ಸ್ ಕಾಯಿಲ್) ಹಿಂದಿನ ತಗಡಿಗೆ ‘ಟಕ್’ ಎಂದು ಬಡಿಯುತ್ತದೆ. ಆ ಸದ್ದು ಒಮ್ಮೆ ಕೇಳಿದರೂ ತಕ್ಷಣ ತಗ್ಗಿಸಿ. ಹಾಕಲೇಬೇಕಿದ್ದರೆ ತೋಪಿನ ಭಾಗವನ್ನೇ ಮೊದಲು, ಅತಿ ಕಡಿಮೆ ವಾಲ್ಯೂಮಿನಿಂದ. ಮಿತಿ ತಿಳಿಯಬಹುದು, ಗುಣ ತಿಳಿಯದು.

ಎಲೆಕ್ಟ್ರಾನಿಕ್‌ನಲ್ಲಿ ಜೇಮ್ಸ್ ಬ್ಲೇಕ್‌ನ ‘ಲಿಮಿಟ್ ಟು ಯುವರ್ ಲವ್’ (2010) ಗೆದ್ದಿತು. ಬಹುಮಟ್ಟಿಗೆ ಪಿಯಾನೋ, ಕಂಠ ಎರಡೇ. ಅವುಗಳ ಕೆಳಗೆ ಅಲುಗುವ ಒಂದು ಸಬ್ ಬೇಸ್. ಬೇರೇನೂ ಮುಚ್ಚಿಡದ ಕಾರಣ ಮನೆಯಲ್ಲಿ ಏನೇನು ಅದುರುತ್ತದೆ ಎಂಬ ಪಟ್ಟಿ ಇದರಲ್ಲೇ ಸಿಗುತ್ತದೆ: ಶೋಕೇಸಿನ ಗಾಜು, ಕಿಟಕಿಯ ಕೊಂಡಿ, ಬೀರುವಿನ ಮೇಲಿಟ್ಟ ಸ್ಟೀಲ್ ಡಬ್ಬಿ. ಸಬ್‌ವೂಫರ್ ಬಿರುಕು ಬಿಟ್ಟಿದೆ ಎಂದು ಅಂದುಕೊಂಡದ್ದು ಅರ್ಧಕ್ಕರ್ಧ ಇಂಥವೇ. ಒಬ್ಬರು ಕೂತು ಕೇಳಲಿ, ಇನ್ನೊಬ್ಬರು ಒಂದೊಂದನ್ನೂ ಕೈಯಲ್ಲಿ ಒತ್ತಿ ಹಿಡಿಯಲಿ.

ಕೊನೆಗೆ ತಬಲಾ. ಇದನ್ನು ಆಳಕ್ಕಾಗಿ ಹಾಕಬೇಡಿ, ಆಳ ಅಷ್ಟಿಲ್ಲ. ಅಂಗೈಯ ಬುಡದಿಂದ ಒತ್ತಿ ಜಾರಿಸಿದಾಗ ಡಗ್ಗಾದ (ತಬಲಾ ಜೋಡಿಯ ದೊಡ್ಡ, ಎಡಗೈ ವಾದ್ಯದ) ಸ್ವರ ಕೆಳಗಿನಿಂದ ಮೇಲಕ್ಕೆ ಹರಿಯುತ್ತದಲ್ಲ, ಅದು ಸಬ್‌ವೂಫರ್‌ನಿಂದ ಮುಂದಿನ ಸ್ಪೀಕರ್‌ಗೆ ಕೈ ಬದಲಾಗುವ ಜಾಗದಲ್ಲೇ ಹಾದುಹೋಗುತ್ತದೆ. ತನಿ ತಬಲಾ, ವಿಲಂಬಿತ ಲಯ, ಹತ್ತಿರದ ಮೈಕ್ ಇರುವ ಮುದ್ರಣ ಆಯ್ದುಕೊಳ್ಳಿ. ‘ಘೇ’ ಹುಟ್ಟಿದ್ದು ಮೂಲೆಯಲ್ಲಿ, ಮುಗಿದದ್ದು ಟಿವಿ ಪಕ್ಕದಲ್ಲಿ ಎನ್ನಿಸಿದರೆ ಕ್ರಾಸ್‌ಓವರ್ ಎತ್ತರವಾಯಿತು, 120ರಿಂದ 80ಕ್ಕೆ ಇಳಿಸಿ. ಜಾರುವಾಗ ನಡುವೆ ಸದ್ದು ತಗ್ಗಿ ಮತ್ತೆ ಎದ್ದರೆ ಸಬ್‌ವೂಫರ್ ಹಿಂದಿನ ಫೇಸ್ ಸ್ವಿಚ್ಚನ್ನು 0ಯಿಂದ 180ಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿ. ಯಾವುದರಲ್ಲಿ ಮೈತುಂಬಿದೆಯೋ ಅದನ್ನೇ ಉಳಿಸಿಕೊಳ್ಳಿ. ಈ ಕೆಲಸಕ್ಕೆ ಮೇಲಿನ ಯಾವ ಪಾಶ್ಚಾತ್ಯ ಟ್ರ್ಯಾಕೂ ಡಗ್ಗಾದ ಹತ್ತಿರ ಬರಲಿಲ್ಲ. ಹಳೆಯ ಚಿತ್ರಗೀತೆ ಹಾಕಿ ‘ಸಬ್ ಕೆಲಸ ಮಾಡುತ್ತಿಲ್ಲ’ ಎನ್ನುವವರಿದ್ದಾರೆ. ಎಷ್ಟೋ ಮುದ್ರಣಗಳಲ್ಲಿ ಅದಕ್ಕೆ ಕೊಡುವ ಕೆಲಸವೇ ಇರುವುದಿಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಎರಡೇ ಫೈಲ್ ಒಯ್ದರೆ ಸಾಕು: ಸ್ಯಾಂ-ಸಾನ್ಸ್‌ನ ನಿಧಾನದ ಭಾಗ, ಜೇಮ್ಸ್ ಬ್ಲೇಕ್. ಡಬಲ್ ಬೇಸ್ ಅಲ್ಲಿ ದಂಡ, ಅದು ಅಂಗಡಿಯ ಕೋಣೆಯನ್ನು ಅಳೆಯುತ್ತದೆ, ನಿಮ್ಮದನ್ನಲ್ಲ. ಅದನ್ನೂ ಡಗ್ಗಾವನ್ನೂ ಮನೆಗೆ ಬಂದ ಮೇಲೆ, ಸೋಫಾ ಸರಿಸಲು ಇಬ್ಬರು ಸಿಕ್ಕಾಗ ಹಾಕಿ.