ಮಾರಿಷಸ್‌ಗೆ ಹನಿಮೂನ್ ಹೊರಟಿದ್ದೀರಾ? ದುಡ್ಡು ಕಟ್ಟುವ ಮೊದಲು ನಮ್ಮ ಕಥೆ ಓದಿ

ನಮ್ಮ ಮದುವೆ ಆಗಿದ್ದು ಮೇ ತಿಂಗಳಲ್ಲಿ, ಹಾಸನದಲ್ಲಿ. ಶಾಸ್ತ್ರ, ನೆಂಟರ ಮನೆ ಊಟ ಎಲ್ಲ ಮುಗಿಯುವಷ್ಟರಲ್ಲಿ ಆಷಾಢ ಬಂತು. ನನ್ನನ್ನು ತವರಿಗೆ ಕರೆದುಕೊಂಡು ಹೋದರು. "ಶ್ರಾವಣ ಬರಲಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ ಬನ್ನಿ" ಎಂದರು ಅತ್ತೆ. ಹೀಗೆ ನಮ್ಮ ಹನಿಮೂನ್ ಆಗಸ್ಟ್‌ಗೆ ಹೋಯಿತು. ಜಾಗ ಮಾರಿಷಸ್. ಇಬ್ಬರೂ ಎರಡು ವರ್ಷ ಕೂಡಿಟ್ಟ ದುಡ್ಡು ಅದು. ಅದು ಎಲ್ಲೆಲ್ಲಿ ಸೋರಿಹೋಯಿತು ಅಂತ ಬಿಡಿಸಿ ಬರೆಯುತ್ತಿದ್ದೇನೆ. ಓದಿದವರಲ್ಲಿ ಒಂದು ಜೋಡಿ ಬಚಾವಾದರೂ ಸಾಕು.

ದೇಶದ ಬಗ್ಗೆ ನನಗೆ ಒಂದು ದೂರೂ ಇಲ್ಲ. ಅಲ್ಲಿನ ಜನ ನಮ್ಮನ್ನು ಮನೆಯವರ ಹಾಗೆ ಕಂಡರು. ನಮಗೆ ಮೋಸ ಆಗಿದ್ದು ಹೆಚ್ಚಾಗಿ ಇಲ್ಲೇ, ಫೋನಿನಲ್ಲಿ, ಹೊರಡುವ ಮೊದಲೇ.

ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದ. ಚೆನ್ನಾಗಿ ಕನ್ನಡ ಮಾತಾಡುತ್ತಿದ್ದ. "ಅಕ್ಕ, ನಿಮ್ಮ ತಮ್ಮ ಅಂದ್ಕೊಳ್ಳಿ, ಒಂದು ಚೂರೂ ತೊಂದರೆ ಆಗಲ್ಲ" ಅಂತ ದಿನಾ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ವಿಮಾನ, ಹೋಟೆಲ್, ಕಾರು ಎಲ್ಲ ಸೇರಿ ಇಬ್ಬರಿಗೆ 2,85,000 ರೂಪಾಯಿ. ಸಮುದ್ರ ಕಾಣುವ ರೂಮು, ದಡದಲ್ಲಿ ಸೂರ್ಯಾಸ್ತದ ಹೊತ್ತಿಗೆ ಕ್ಯಾಂಡಲ್ ಊಟ, ಹನಿಮೂನ್ ಕೇಕ್, ಎರಡು ದಿನ ನಾವೇ ಓಡಿಸಲು ಕಾರು. ಇಷ್ಟನ್ನೂ ಅವನು ಹೇಳಿದ್ದು ಬಾಯಲ್ಲಿ. ಬರೆದು ಕೊಟ್ಟಿದ್ದು ಒಂದು ಬಣ್ಣದ ಪಿಡಿಎಫ್. ಅದರಲ್ಲಿ ಹೋಟೆಲ್ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ 'ಅಥವಾ ಅದೇ ದರ್ಜೆಯ ಬೇರೆ ಹೋಟೆಲ್' ಅಂತ ಇತ್ತು. ನಾವು ಅದನ್ನು ಓದಿದ್ದೆವು. ಓದಿಯೂ ಕೇಳಲಿಲ್ಲ.

ದುಡ್ಡು ಯುಪಿಐನಲ್ಲಿ ಹೋಯಿತು, ಅವನ ಹೆಂಡತಿ ಹೆಸರಿನ ಖಾತೆಗೆ. ಬಿಲ್ ಕೇಳಿದಾಗ "ಬಿಲ್ ಬೇಕು ಅಂದ್ರೆ ಜಿಎಸ್‌ಟಿ, ಟಿಸಿಎಸ್ ಎಲ್ಲ ಸೇರಿ ಜಾಸ್ತಿ ಆಗುತ್ತೆ ಅಕ್ಕ, ಸುಮ್ನೆ ಯಾಕೆ?" ಎಂದ. ಆಗ ಅದು ನಮ್ಮ ಒಳ್ಳೆಯದಕ್ಕೇ ಅನ್ನಿಸಿತು. ವಿದೇಶಿ ಟೂರ್ ಪ್ಯಾಕೇಜ್ ಮಾರುವವರು ಟಿಸಿಎಸ್, ಅಂದರೆ ಮಾರುವಾಗಲೇ ನಮ್ಮಿಂದ ವಸೂಲಿ ಮಾಡುವ ತೆರಿಗೆ, ಹಿಡಿದು, ನಮ್ಮ ಪ್ಯಾನ್ ನಂಬರಿನ ಮೇಲೆ ಕಟ್ಟಲೇಬೇಕು. ಆ ದುಡ್ಡು ನಮ್ಮ ಆದಾಯ ತೆರಿಗೆ ಖಾತೆಯಲ್ಲಿ ಕಾಣುತ್ತದೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಅದನ್ನು ತಪ್ಪಿಸೋಣ ಎನ್ನುವವನು ನಿಮ್ಮ ದುಡ್ಡು ಉಳಿಸುತ್ತಿಲ್ಲ. ತನ್ನ ಗುರುತು ಎಲ್ಲೂ ಉಳಿಯದ ಹಾಗೆ ನೋಡಿಕೊಳ್ಳುತ್ತಿದ್ದಾನೆ.

ಇನ್ನೊಂದು. 'ವೀಸಾ ಪ್ರೊಸೆಸಿಂಗ್' ಅಂತ ತಲೆಗೆ 6,500 ರೂಪಾಯಿ ಬೇರೆಯಾಗಿ ತೆಗೆದುಕೊಂಡ. ಭಾರತದ ಪಾಸ್‌ಪೋರ್ಟ್ ಇರುವ ಪ್ರವಾಸಿಗಳು ಮಾರಿಷಸ್‌ಗೆ ಮೊದಲೇ ವೀಸಾ ಮಾಡಿಸಬೇಕಿಲ್ಲ, ಅದಕ್ಕೆ ದುಡ್ಡೂ ಕಟ್ಟಬೇಕಿಲ್ಲ. ಅಲ್ಲಿ ಇಳಿದಾಗ ವಾಪಸ್ ಟಿಕೆಟ್, ಉಳಿಯುವ ಜಾಗದ ದಾಖಲೆ ನೋಡಿ ಮುದ್ರೆ ಹಾಕುತ್ತಾರೆ. ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಒಂದು ಪ್ರಯಾಣದ ಫಾರಂ ತುಂಬಬೇಕು, ಅದೂ ಉಚಿತ. ಕೌಂಟರ್‌ನಲ್ಲಿದ್ದ ಹೆಂಗಸು ನಮ್ಮಿಂದ ಒಂದು ಪೈಸೆ ಕೇಳದೆ ಮುದ್ರೆ ಒತ್ತಿ, ನಗುತ್ತಾ ಶುಭಾಶಯ ಹೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಳಿದ ಹತ್ತೇ ನಿಮಿಷಕ್ಕೆ 13,000 ರೂಪಾಯಿ ಯಾರ ಜೇಬಿಗೆ ಹೋಯಿತು ಅಂತ ಗೊತ್ತಾಯಿತು.

ಹೋಟೆಲ್ ಇದ್ದದ್ದು ದ್ವೀಪದ ಪೂರ್ವ ಕರಾವಳಿಯಲ್ಲಿ, ಬೆಲ್ ಮಾರ್ ಕಡೆ. ಅವನು ಮೊದಲು ತೋರಿಸಿದ ಹೋಟೆಲ್ ಅಲ್ಲ. ರೂಮಿಗೆ ಹೋಗಿ ಬಾಲ್ಕನಿ ಬಾಗಿಲು ತೆಗೆದೆ. ಎದುರಿಗೆ ಬಟ್ಟೆ ಒಗೆಯುವ ಜಾಗ. ಉದ್ದಕ್ಕೆ ಕಟ್ಟಿದ ಹಗ್ಗದ ಮೇಲೆ ಬಿಳಿ ಬೆಡ್‌ಶೀಟ್‌ಗಳು, ಜೋರು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಸಮುದ್ರದ ಸದ್ದು ಮಾತ್ರ ಎಲ್ಲೋ ಹಿಂದಿನಿಂದ ಕೇಳುತ್ತಿತ್ತು. ಕೈಯಲ್ಲಿ ಮೆಹಂದಿ ಬಣ್ಣ ಹೋಗಿ ಎಷ್ಟೋ ದಿನವಾಗಿತ್ತು, ಆದರೂ ನಾನು ಹೊಸ ಮದುಮಗಳ ಹಾಗೆ ಮಂಚದ ತುದಿಯಲ್ಲಿ ಕೂತು ಅತ್ತುಬಿಟ್ಟೆ. ಇವರು ಏನೂ ಮಾತಾಡದೆ ಬಾಗಿಲು ಹಾಕಿದರು.

ರಿಸೆಪ್ಷನ್‌ನ ಹುಡುಗಿ ತಾಳ್ಮೆಯಿಂದ ಕಂಪ್ಯೂಟರ್ ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದಳು. ರೂಮು ಬುಕ್ ಆಗಿದ್ದು ನಾವು ಇಳಿಯುವುದಕ್ಕೆ ಕೇವಲ 4 ದಿನ ಮೊದಲು. ತೋಟದ ಕಡೆಯ ರೂಮು. ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲದ ದರ. ಹನಿಮೂನ್ ಅಂತ ಎಲ್ಲೂ ಬರೆದಿರಲಿಲ್ಲ. ಜೂನ್ ಮೊದಲ ವಾರ ಪೂರ್ತಿ ಹಣ ತೆಗೆದುಕೊಂಡವನು ಎರಡು ತಿಂಗಳು ಅದನ್ನು ಇಟ್ಟುಕೊಂಡು, ಕೊನೆಗೆ ಸಿಕ್ಕಿದ ಅಗ್ಗದ ರೂಮು ಹಿಡಿದಿದ್ದ.

ಊಟ 'ಹಾಫ್ ಬೋರ್ಡ್', ಅಂದರೆ ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಮಾತ್ರ. ಕುಡಿಯುವ ನೀರಿನ ಬಾಟಲಿಗೂ ಊಟದ ಮೇಜಿನಲ್ಲಿ ಬೇರೆ ಬಿಲ್ ಬಂತು. ಇದು ಅಲ್ಲಿ ಮೋಸವಲ್ಲ, ಪದ್ಧತಿ. ನಮಗೆ ಮೊದಲೇ ಹೇಳಬೇಕಿತ್ತು ಅಷ್ಟೆ.

ಕನಿಕರಪಟ್ಟು ಆ ಹುಡುಗಿಯೇ ಒಂದು ದಾರಿ ಹೇಳಿದಳು. ಹೊಸದಾಗಿ ಮದುವೆಯಾದವರಿಗೆ ಅಲ್ಲಿನ ಎಷ್ಟೋ ಹೋಟೆಲ್‌ಗಳು ರಿಯಾಯಿತಿ ಕೊಡುತ್ತವೆ, ರೂಮು ಮೇಲಿನ ದರ್ಜೆಗೆ ಏರಿಸುವುದೂ ಉಂಟು. ಆದರೆ ವಿವಾಹ ನೋಂದಣಿ ಪ್ರಮಾಣಪತ್ರ ತೋರಿಸಬೇಕು. ನನ್ನ ಹತ್ತಿರ ಇದ್ದದ್ದು ಲಗ್ನಪತ್ರಿಕೆ ಮತ್ತು ಫೋನಿನಲ್ಲಿ ಧಾರೆಯ ಫೋಟೋ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದನ್ನು ಮುಂದೆ ಹಾಕುತ್ತಲೇ ಬಂದಿದ್ದೆವು. ಲಗ್ನಪತ್ರಿಕೆ ಕನ್ನಡದಲ್ಲಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಗಣಪತಿ ಚಿತ್ರ ನೋಡಿ, ಬೇಜಾರಿನಿಂದಲೇ ವಾಪಸ್ ಕೊಟ್ಟಳು.

ಇನ್ನು ಆ ಸೂರ್ಯಾಸ್ತದ ಊಟ. ಪೂರ್ವ ಕರಾವಳಿಯಲ್ಲಿ ಸೂರ್ಯ ಸಮುದ್ರದಲ್ಲಿ ಹುಟ್ಟುತ್ತಾನೆ, ಮುಳುಗುವುದು ಹಿಂದಿನ ಗುಡ್ಡದ ಕಡೆ. ಮ್ಯಾಪ್ ನೋಡಿದ್ದರೆ ಮಗುವಿಗೂ ಗೊತ್ತಾಗುತ್ತಿತ್ತು. ಅದಕ್ಕಿಂತ ದೊಡ್ಡ ವಿಷಯ ಹವಾಮಾನ. ಮಾರಿಷಸ್ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಚಳಿಗಾಲ. ನಮ್ಮ ಸಕಲೇಶಪುರದ ಚಳಿಯಷ್ಟು ಇಲ್ಲದಿದ್ದರೂ ಸಂಜೆ ಸ್ವೆಟರ್ ಬೇಕು. ಜೂನ್, ಜುಲೈ, ಆಗಸ್ಟ್‌ನಲ್ಲಿ ಆಗ್ನೇಯದಿಂದ ಬೀಸುವ ಗಾಳಿ ಪೂರ್ವ ಕರಾವಳಿಗೆ ನೇರವಾಗಿ ಬಡಿಯುತ್ತದೆ. ನಾನು ಸೂಟ್‌ಕೇಸ್ ತುಂಬ ತೆಳು ಬಟ್ಟೆ ತುಂಬಿಕೊಂಡು ಹೋಗಿದ್ದೆ. ಆಷಾಢ ಕಳೆದು ಹೊರಡುವ ನಮ್ಮಂಥವರು ಪಶ್ಚಿಮದ ಫ್ಲಿಕ್ ಆಂ ಫ್ಲಾಕ್ ಕಡೆಯೋ ಉತ್ತರದ ಗ್ರಾಂ ಬೇ ಕಡೆಯೋ ಉಳಿಯುವುದು ಒಳ್ಳೆಯದು. ಪಶ್ಚಿಮದಲ್ಲಿ ಗಾಳಿಯೂ ಕಡಿಮೆ, ಸೂರ್ಯಾಸ್ತವೂ ಸಿಗುತ್ತದೆ. ಡಿಸೆಂಬರ್, ಜನವರಿ ಮದುವೆಯವರಿಗೆ ಲೆಕ್ಕ ಬೇರೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಖೆ ಮತ್ತು ಚಂಡಮಾರುತದ ಕಾಲ. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ರಾಜಧಾನಿ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿದ್ದವು. ಆ ತಿಂಗಳುಗಳಲ್ಲಿ ಹೋಗುವವರು ತಾರೀಕು ಬದಲಿಸಲು ಆಗುವ ಟಿಕೆಟ್ ಮತ್ತು ರೂಮನ್ನೇ ಹಿಡಿಯಿರಿ.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಹೋಟೆಲ್‌ನಲ್ಲಿ ದುಡ್ಡು ಹೋಯಿತು ಅಷ್ಟೆ. ಇಲ್ಲಿ ಇನ್ನೇನೋ ಆಗಿಬಿಡುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಒಬ್ಬ ಕಾರು ತಂದ. ಹೋಟೆಲ್ ಒಳಗೆ ಬರಲಿಲ್ಲ, ಗೇಟಿನಿಂದ ಸ್ವಲ್ಪ ದೂರ ನಿಲ್ಲಿಸಿ ಫೋನ್ ಮಾಡಿದ. ಕರಾರು ಪತ್ರ ಇಲ್ಲ. ಪಾಸ್‌ಪೋರ್ಟ್, ಲೈಸೆನ್ಸ್ ಫೋಟೋ ಹೊಡೆದುಕೊಂಡ. ಡಿಪಾಸಿಟ್ ಅಂತ 15,000 ಮಾರಿಷಸ್ ರೂಪಾಯಿ ನಗದು ಕೇಳಿದ. ಅಲ್ಲಿನ ಒಂದು ರೂಪಾಯಿ ನಮ್ಮ ಒಂದೂಮುಕ್ಕಾಲು, ಎರಡು ರೂಪಾಯಿಯ ಹತ್ತಿರ. "ಫುಲ್ ಇನ್ಶೂರೆನ್ಸ್ ಇದೆ, ಚಿಂತೆ ಬೇಡ" ಎಂದ. ಕಾರಿಗೆ ಕಪ್ಪು ನಂಬರ್ ಪ್ಲೇಟ್ ಇತ್ತು. ನಮ್ಮಲ್ಲಿ ಸೆಲ್ಫ್ ಡ್ರೈವ್ ಬಾಡಿಗೆ ಕಾರಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರುತ್ತದಲ್ವಾ? ಇವರು ಅದನ್ನೇ ನೆನೆಸಿಕೊಂಡು "ಸರಿಯಾಗಿದೆ ಬಿಡು, ಬಾಡಿಗೆ ಗಾಡಿನೇ" ಎಂದರು.

ಓಡಿಸುವುದು ಕಷ್ಟವಿಲ್ಲ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಹೋಗಬೇಕು. ದ್ವೀಪವೂ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಆದರೆ ಊರೊಳಗಿನ ರಸ್ತೆ ಕಿರಿದು. ಎರಡೂ ಕಡೆ ಕಬ್ಬಿನ ಗದ್ದೆ, ಡಾಂಬರು ಮುಗಿದ ಕಡೆ ಆಳವಾದ ಚರಂಡಿ. ಮೊದಲು ಗಂಗಾ ತಲಾವ್‌ಗೆ ಹೋದೆವು. ಅಲ್ಲಿನ 108 ಅಡಿ ಶಿವನ ಮುಂದೆ ನಿಂತಾಗ ನನಗೆ ಮುರುಡೇಶ್ವರ ನೆನಪಾಯಿತು. ದಾರಿಯಲ್ಲಿ ತಿಂದ ದಾಲ್ ಪುರಿ ನಮ್ಮ ಬೇಳೆ ಹೋಳಿಗೆಯ ಅಕ್ಕ ಇದ್ದಂತೆ, ಬೆಲ್ಲ ಒಂದಿಲ್ಲ. ಆ ಪ್ರವಾಸದಲ್ಲಿ ಮನಸ್ಸು ಬಿಚ್ಚಿ ನಕ್ಕ ದಿನ ಅದೊಂದೇ. ಮಧ್ಯಾಹ್ನ ಶಾಮರೆಲ್‌ನ ಏಳು ಬಣ್ಣದ ಮಣ್ಣು ನೋಡಿ ಇಳಿಯುವಾಗ ತಿರುವಿನಲ್ಲಿ ಒಬ್ಬ ಸೈಕಲ್ ಹುಡುಗ ಅಡ್ಡ ಬಂದ. ಬ್ರೇಕ್ ಹಿಡಿಯಿತು. ಒಂದು ಗೇಣು ದೂರದಲ್ಲಿ ಕಾರು ನಿಂತಿತು. ಹುಡುಗ ಕೈ ಬೀಸಿ ಹೋದ.

ಸಂಜೆ ಹೋಟೆಲ್ ಗೇಟಿನಲ್ಲಿದ್ದ ವಯಸ್ಸಾದ ಕಾವಲುಗಾರರು ನಮ್ಮ ಕಾರು ನೋಡಿ ಹತ್ತಿರ ಬಂದರು. ಹಿಂದಿಯಲ್ಲಿ ಕೇಳಿದರು, "ಮಗಾ, ಇದು ಯಾರ ಗಾಡಿ?" ಬಾಡಿಗೆಯದು ಎಂದೆವು. ಅವರು ತಲೆ ಆಡಿಸಿದರು. ಇಲ್ಲಿ ಬಾಡಿಗೆ ಕಾರಿಗೆ ಹಳದಿ ಪ್ಲೇಟ್ ಇರುತ್ತೆ, ಕಪ್ಪು ಪ್ಲೇಟ್ ಅಂದರೆ ಯಾರದೋ ಮನೆಯ ಸ್ವಂತ ಗಾಡಿ, ಅದನ್ನು ಬಾಡಿಗೆಗೆ ಬಿಡುವ ಹಾಗಿಲ್ಲ, ಏನಾದರೂ ಆದರೆ ವಿಮೆಯವರು ಕೈ ಎತ್ತುತ್ತಾರೆ ಎಂದರು. ಇವರ ಮುಖ ಬಿಳಿಚಿಕೊಂಡಿತು. ಇಬ್ಬರಿಗೂ ಆ ಸೈಕಲ್ ಹುಡುಗನೇ ಕಣ್ಣ ಮುಂದೆ ಬಂದ. ಆ ರಾತ್ರಿ ನಾವು ನಿದ್ದೆ ಮಾಡಲಿಲ್ಲ. ಇಂದಿಗೂ ಅದನ್ನು ನೆನೆಸಿಕೊಂಡರೆ ನನ್ನ ಕೈ ತಣ್ಣಗಾಗುತ್ತದೆ.

ಮರುದಿನ ಕಾರನ್ನು ಮುಟ್ಟಲಿಲ್ಲ, ವಾಪಸ್ ಕರೆಸಿದೆವು. ಅವನು ಬಂದವನೇ ಎಡಗಡೆ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಫೋನಿನ ಟಾರ್ಚ್ ಹಾಕಿ ಬಂಪರ್ ಕೆಳಗೆ ಒಂದು ಗೀರು ತೋರಿಸಿದ. ಬೆರಳು ಇಟ್ಟು ನೋಡಿದೆ, ಗೀರಿನೊಳಗೆ ಒಣಗಿದ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಹಳೆಯದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಆದರೆ ಸಾಕ್ಷಿ ಏನಿದೆ? ನಮ್ಮ ಹತ್ತಿರ ಇದ್ದದ್ದು ಕಾರಿನ ಜೊತೆ ತೆಗೆದ ಒಂದೇ ಸೆಲ್ಫಿ, ಅದರಲ್ಲಿ ಬಲಬದಿ ಮಾತ್ರ ಕಾಣುತ್ತಿತ್ತು. 15,000 ಪೂರ್ತಿ ಇಟ್ಟುಕೊಂಡು ಹೊರಟುಹೋದ. ಏಜೆಂಟ್‌ಗೆ ಫೋನ್ ಮಾಡಿದರೆ "ಅದು ಲೋಕಲ್ ಪಾರ್ಟಿ ಅಕ್ಕ, ನಂಗೆ ಸಂಬಂಧ ಇಲ್ಲ" ಎಂದ.

ಸರಿಯಾದ ಬಾಡಿಗೆ ಸಂಸ್ಥೆಯಾದರೆ ಕರಾರು ಪತ್ರ ಕೊಡುತ್ತದೆ. ಡಿಪಾಸಿಟ್ಟನ್ನು ಹೆಚ್ಚಾಗಿ ಕ್ರೆಡಿಟ್ ಕಾರ್ಡ್ ಮೇಲೆ ತಡೆಹಿಡಿಯುತ್ತದೆ, ಕಾರು ಸರಿಯಾಗಿ ವಾಪಸ್ ಬಂದರೆ ಬಿಡುತ್ತದೆ. ಕಾರ್ಡ್ ಓಡಿಸುವವರ ಹೆಸರಿನಲ್ಲೇ ಇರಬೇಕು ಎನ್ನುವವರು ಜಾಸ್ತಿ, ಆದ್ದರಿಂದ ಹೊರಡುವ ಮೊದಲೇ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಸಿಕೊಳ್ಳಿ. ಕರಾರಿನಲ್ಲಿ 'ಎಕ್ಸೆಸ್' ಎಷ್ಟು ಅಂತ ಹುಡುಕಿ. ವಿಮೆ ಇದ್ದರೂ ಅಷ್ಟು ಮೊತ್ತದವರೆಗಿನ ನಷ್ಟ ನಮ್ಮ ತಲೆ ಮೇಲೇ ಬರುತ್ತದೆ. ಟೈರು, ರಿಮ್ಮು, ಗಾಜು, ಕಾರಿನ ಅಡಿಭಾಗ ಬಹಳ ಸಲ ವಿಮೆಯ ಹೊರಗಿರುತ್ತವೆ. ಆ ಚರಂಡಿಗಳ ಪಕ್ಕ ಮೊದಲು ಪೆಟ್ಟು ತಿನ್ನುವುದೂ ಅವೇ. ಕೀ ತೆಗೆದುಕೊಳ್ಳುವ ಮೊದಲು ಕಾರಿನ ಸುತ್ತ ಒಂದು ಸುತ್ತು ನಿಧಾನವಾಗಿ ವಿಡಿಯೋ ಮಾಡಿ. ಬಂಪರ್ ಕೆಳಗೆ, ನಾಲ್ಕು ಚಕ್ರ, ಒಳಗಿನ ಪೆಟ್ರೋಲ್ ಮುಳ್ಳು ಎಲ್ಲ ಬರಲಿ. ಕಾರು ತಂದವನೂ ಆ ವಿಡಿಯೋದಲ್ಲಿ ಕಾಣಲಿ. ಇದಕ್ಕೆ ಎರಡು ನಿಮಿಷ ಸಾಕು.

ಊರಿಗೆ ಬಂದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಅದಾದ ಮೇಲೆ ಏಜೆಂಟ್ ವೀಸಾದ 13,000 ವಾಪಸ್ ಹಾಕಿದ. ಉಳಿದದ್ದಕ್ಕೆ ಫೋನ್ ಎತ್ತುತ್ತಿಲ್ಲ. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತಿದ್ದೇವೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಬಿಲ್ ಇಲ್ಲದ್ದರಿಂದ ವಾಟ್ಸಾಪ್ ಚಾಟ್, ಯುಪಿಐ ಸಂದೇಶ, ಆ ಪಿಡಿಎಫ್, ಇವನ್ನೇ ನಂಬಿಕೊಂಡಿದ್ದೇವೆ. ಪುಣ್ಯಕ್ಕೆ ವಾಯ್ಸ್ ಮೆಸೇಜ್‌ಗಳನ್ನು ನಾನು ಅಳಿಸಿರಲಿಲ್ಲ.

ನಮ್ಮ ಚಿಕ್ಕಮ್ಮನ ಮಗಳ ಮದುವೆ ಹತ್ತಿರ ಬಂದಿದೆ. ಅವಳೂ ಮಾರಿಷಸ್ ಅನ್ನುತ್ತಿದ್ದಾಳೆ. ಬೇಡ ಅನ್ನಲಿಲ್ಲ. ಮೊನ್ನೆ ಇಬ್ಬರೂ ಕೂತು ಪಶ್ಚಿಮ ಕರಾವಳಿಯ ಒಂದು ಹೋಟೆಲ್‌ಗೆ ನೇರವಾಗಿ ಬರೆದೆವು. ಯಾವ ರೂಮು, ಸಮುದ್ರ ಕಾಣುತ್ತದಾ, ಊಟದಲ್ಲಿ ಏನೇನು ಸೇರಿದೆ, ಸಸ್ಯಾಹಾರ ಸಿಗುತ್ತದಾ, ಹೊಸ ಜೋಡಿಗೆ ಯಾವ ಕಾಗದ ತೋರಿಸಬೇಕು ಅಂತ ಒಂದೊಂದೇ ಕೇಳಿದೆವು. ಮಾರನೇ ದಿನವೇ ಎಲ್ಲಕ್ಕೂ ಉತ್ತರ ಬಂತು, ಬುಕಿಂಗ್ ನಂಬರ್ ಸಮೇತ. ಮದುವೆಯಾದ ಮುಂದಿನ ವಾರವೇ ಅವರಿಬ್ಬರನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗುವ ಕೆಲಸ ನಾನು ವಹಿಸಿಕೊಂಡಿದ್ದೇನೆ.