ಮೀನುಗಳಿರುವ ಟ್ಯಾಂಕಿಗೆ ಕಾರ್ಪೆಟ್ ಅನಿಮೋನ್ ಹಾಕಬೇಡಿ

ಮಂಗಳೂರು, ಉಡುಪಿ ಕಡೆ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು, ಇಡಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅನಿಮೋನ್ ಎಂದರೆ ಹೂವಿನಂತೆ ಕಾಣುವ, ಕುಟುಕುವ ಎಳೆಗಳಿರುವ ಕಡಲ ಪ್ರಾಣಿ; ಕ್ಲೌನ್ ಎಂಬ ಪುಟ್ಟ ಮೀನು ಕಡಲಲ್ಲಿ ಅದರ ಎಳೆಗಳ ನಡುವೆ ವಾಸಿಸುತ್ತದೆ. ನನ್ನ ಟ್ಯಾಂಕಿಗೆ ಕಾರ್ಪೆಟ್ ಅನಿಮೋನ್ ಬಂದ ಹತ್ತೊಂಬತ್ತು ದಿನಗಳಲ್ಲಿ ನಾಲ್ಕು ಮೀನುಗಳು ಹೋದವು. ಯಾವ ಕ್ಲೌನ್ ಮೀನಿಗೆ ಮನೆಯಾಗಲಿ ಎಂದು ಅದನ್ನು ತಂದಿದ್ದೆನೋ, ಆ ಮೀನೂ ಅವುಗಳಲ್ಲಿ ಒಂದು.

ನಮ್ಮ ಮನೆ ಸುರತ್ಕಲ್‌ನಲ್ಲಿ. ಟ್ಯಾಂಕು ನಾಲ್ಕು ಅಡಿ ಉದ್ದ, ಸುಮಾರು 250 ಲೀಟರ್ ನೀರು ಹಿಡಿಯುತ್ತದೆ, ಎರಡು ವರ್ಷ ಹಳೆಯದು. ಕಡಲು ಹತ್ತಿರವೇ ಇದ್ದರೂ ನಾನು ಕಡಲ ನೀರು ತರುವುದಿಲ್ಲ. ಮಳೆಗಾಲದಲ್ಲಿ ನದಿಗಳ ನೀರು ಸೇರಿ ಇಲ್ಲಿನ ದಡದ ನೀರಿನ ಉಪ್ಪು ತೀರಾ ಇಳಿದುಬಿಡುತ್ತದೆ. ಅಕ್ವೇರಿಯಂ ಉಪ್ಪನ್ನೇ ಶುದ್ಧ ನೀರಿಗೆ ಬೆರೆಸಿ, ಸಾಂದ್ರತೆಯನ್ನು ಕಡಲ ನೀರಿನಷ್ಟೇ, 1.025ರ ಆಸುಪಾಸಿನಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಒಂದು ಜೋಡಿ ಆಸೆಲ್ಲಾರಿಸ್ ಕ್ಲೌನ್, ಮೂರು ಹಸಿರು ಕ್ರೋಮಿಸ್, ಒಂದು ಫೈರ್‌ಫಿಶ್, ಮರಳಿನಲ್ಲಿ ಓಡಾಡುವ ಒಂದು ಗೋಬಿ: ಒಟ್ಟು ಏಳು. ಏಳಕ್ಕೂ ಮಗಳು ಹೆಸರಿಟ್ಟು, ಆ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

ಮೇ ಕೊನೆಯಲ್ಲಿ ಒಂದು ಅಂಗಡಿಯಲ್ಲಿ ಆ ಅನಿಮೋನ್ ಕಂಡಿತು. ನೀರುದೋಸೆಯಷ್ಟು ಅಗಲ, ಮೈತುಂಬ ಗಿಡ್ಡ ಗಿಡ್ಡ ಎಳೆಗಳು, ಹಸಿರು ವೆಲ್ವೆಟ್ ಬಟ್ಟೆಯನ್ನು ಮರಳಿನ ಮೇಲೆ ಹಾಸಿದಂತೆ. ಉಳಿದ ಮೀನುಗಳಿಗೆ ತೊಂದರೆಯಾಗದೇ ಎಂದು ಎರಡು ಸಲ ಕೇಳಿದೆ. "ಏನೂ ಆಗುವುದಿಲ್ಲ ಸರ್, ವಾರಕ್ಕೆರಡು ಸಲ ಸಿಗಡಿ ಹಾಕಿ, ಹೊಟ್ಟೆ ತುಂಬಿದ್ದರೆ ಅದು ಯಾರ ತಂಟೆಗೂ ಹೋಗುವುದಿಲ್ಲ" ಎಂದು ಅಂಗಡಿಯವರು ಹೇಳಿದರು. ಆ ಜಾತಿಯ ಹೆಸರನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಸ್ಟೈಕೋಡ್ಯಾಕ್ಟೈಲಾ ಹ್ಯಾಡ್ಡೋನಿ ಎಂದು ಗೊತ್ತಾಗಿದ್ದು ಆಮೇಲೆ. ಕಡಲಲ್ಲಿ ಅದು ಅರ್ಧ ಮೀಟರಿಗೂ ಹೆಚ್ಚು ಅಗಲಕ್ಕೆ ಬೆಳೆಯುತ್ತದೆ, ಮೀನು ತಿನ್ನುವುದಕ್ಕೆ ಹೆಸರಾದದ್ದು.

ಕಾಪುವಿನ ಕಡಲ ಬದಿಯಲ್ಲಿ ಬೆಳೆದ ನನ್ನ ಅಮ್ಮ ಟ್ಯಾಂಕಿನ ಮುಂದೆ ನಿಂತು ತುಂಬ ಹೊತ್ತು ನೋಡಿದರು. ಬಂಡೆಗಳ ನಡುವಿನ ಹೊಂಡಗಳಲ್ಲಿ ಇಂಥವು ಸಣ್ಣಸಣ್ಣವು ಇರುತ್ತಿದ್ದವಂತೆ; ಮಕ್ಕಳು ಬೆರಳು ಇಟ್ಟರೆ ಗಬಕ್ಕನೆ ಮುಚ್ಚಿಕೊಂಡು ಹಿಡಿಯುತ್ತಿದ್ದವಂತೆ. "ಇದು ಇಷ್ಟು ದೊಡ್ಡದಿದೆಯಲ್ಲ, ಮೀನನ್ನು ಬಿಟ್ಟೀತೇ ಮಗ?" ಎಂದು ಕೇಳಿದರು. ಅಂಗಡಿಯವರು ಹೇಳಿದ್ದನ್ನೇ ನಾನು ಅಮ್ಮನಿಗೆ ಹೇಳಿದೆ.

ನಾಲ್ಕನೆಯ ದಿನ ಒಂದು ಕ್ರೋಮಿಸ್ ಕಾಣಲಿಲ್ಲ. ಹಾರಿ ಹೊರಗೆ ಬಿದ್ದಿರಬೇಕೆಂದು ಸೋಫಾ ಸರಿಸಿ, ಟ್ಯಾಂಕಿನ ಹಿಂದೆ ಟಾರ್ಚ್ ಬಿಟ್ಟು ಹುಡುಕಿದೆವು. ಎಲ್ಲಿಯೂ ಇರುವೆ ಸಾಲಿಲ್ಲ. ಒಂಬತ್ತನೆಯ ದಿನ ಗೋಬಿ ಇಲ್ಲ. ಅದು ಕಲ್ಲಿನ ಸಂದಿಯಲ್ಲಿ ಅಡಗಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಎರಡು ದಿನಗಳ ನಡುವೆ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಜೂನ್ ಎರಡನೆಯ ವಾರ, ರಾತ್ರಿ ಒಂಬತ್ತೂವರೆ. ಗುಡುಗು ಮಳೆ, ಕರೆಂಟು ಹೋಯಿತು. ನಮ್ಮ ಇನ್ವರ್ಟರಿಗೆ ಪಂಪು ಮಾತ್ರ ಜೋಡಿಸಿತ್ತು, ಟ್ಯಾಂಕಿನ ದೀಪ ಅಲ್ಲ. ಹೊಳೆಯುವ ಬೆಳಕು ಒಂದೇ ಕ್ಷಣದಲ್ಲಿ ಕಗ್ಗತ್ತಲಾದರೆ ಮೀನುಗಳು ಗಾಬರಿಬಿದ್ದು ಕಂಡಕಡೆ ನುಗ್ಗುತ್ತವೆ. ಮೊಬೈಲ್ ಟಾರ್ಚ್ ಹಿಡಿದು ಹೋಗಿ ನೋಡಿದಾಗ ಫೈರ್‌ಫಿಶ್ ಅನಿಮೋನಿನ ಮೇಲೆ ಅಡ್ಡ ಬಿದ್ದಿತ್ತು. ಅದರ ಬೆನ್ನಿನ ಉದ್ದನೆಯ ಬಿಳಿ ಕಡ್ಡಿ ಇನ್ನೂ ನೆಟ್ಟಗೆ ನಿಂತು ನಡುಗುತ್ತಿತ್ತು. ಕೆಂಪು ಬಾಲ ಎರಡು ಸಲ ಬಡಿಯಿತು, ಮೂರನೆಯ ಸಲ ಬಡಿಯಲಿಲ್ಲ. ಅನಿಮೋನಿನ ಅಂಚು ಎರಡೂ ಬದಿಗಳಿಂದ ಮೆಲ್ಲಗೆ ಎದ್ದು, ಅಜ್ಜಿ ಎಲೆಯಡಿಕೆ ಸಂಚಿಯ ದಾರ ಎಳೆದಂತೆ, ಒಳಗೆ ಸೇರಿಕೊಳ್ಳುತ್ತಾ ಬಂತು. ಯಾವ ಅವಸರವೂ ಇರಲಿಲ್ಲ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. "ಅಪ್ಪ, ತೆಗೆಯಿರಿ, ತೆಗೆಯಿರಿ" ಎಂದು ಕೂಗುತ್ತಿದ್ದಳು.

ಬರಿಗೈ ಹಾಕಿದೆ. ಎಳೆಗಳು ಮಣಿಕಟ್ಟಿಗೆ ಅಂಟು ಟೇಪಿನಂತೆ ಹತ್ತಿಕೊಂಡವು. ಕೈ ಎಳೆದಾಗ ಕಿತ್ತು ಬಂದು ಚರ್ಮದ ಮೇಲೆಯೇ ಉಳಿದವು. ಮೂರು ದಿನ ಉರಿ, ಕೆಂಪು ಬೊಕ್ಕೆಗಳು. ಮೀನನ್ನು ಬಿಡಿಸಲಾಗಲಿಲ್ಲ. ಮರುದಿನ ಮರಳಿನ ಮೇಲೆ ಬಿಳಿಚಿಕೊಂಡ ಲೋಳೆಯ ಉಂಡೆಯೊಂದು ಬಿದ್ದಿತ್ತು. ಅದರೊಳಗೆ ಸಣ್ಣ ಮೂಳೆಗಳು. ಕ್ರೋಮಿಸ್, ಗೋಬಿ ಎಲ್ಲಿ ಹೋದವೆಂದು ಅಂದು ಅರ್ಥವಾಯಿತು.

ಹಿಂದಿನ ಸಂಜೆಯಷ್ಟೇ ನಾನು ಅದಕ್ಕೆ ದಕ್ಕೆಯಿಂದ (ಮೀನುಗಾರಿಕೆ ಬಂದರಿನಿಂದ) ತಂದ ಸಿಗಡಿಯ ತುಂಡು ತಿನ್ನಿಸಿದ್ದೆ. ಆದ್ದರಿಂದ ಹೊಟ್ಟೆ ತುಂಬಿದ್ದರೆ ಹಿಡಿಯುವುದಿಲ್ಲ ಎಂಬ ಮಾತನ್ನು ನೆಚ್ಚಬೇಡಿ. ಅನಿಮೋನಿಗೆ ಮಿದುಳಿಲ್ಲ. ಅದರ ಒಂದೊಂದು ಎಳೆಯಲ್ಲೂ ಸೂಕ್ಷ್ಮವಾದ ಕುಟುಕು ಕೋಶಗಳು ತುಂಬಿರುತ್ತವೆ. ಮೀನಿನ ಮೈ ತಗುಲಿದರೆ, ಮೈಯ ರಾಸಾಯನಿಕ ಸುಳಿವು ಸಿಕ್ಕರೆ ಆ ಕೋಶಗಳಿಂದ ವಿಷದ ದಾರಗಳು ಸಿಡಿಯುತ್ತವೆ. ಜೆಲ್ಲಿ ಮೀನು ತಗುಲಿದಾಗ ಆಗುವುದೂ ಇದೇ. ಎರಡೂ ಒಂದೇ ಬಳಗದ ಜೀವಿಗಳು. ಇದು ಮರಳಿನ ಮೇಲೆಯೇ ಹರಡಿಕೊಳ್ಳುವ ಜಾತಿಯಾದ್ದರಿಂದ ಗೋಬಿ, ಮ್ಯಾಂಡರಿನ್‌ನಂತೆ ತಳದಲ್ಲೇ ಓಡಾಡುವ ಮೀನುಗಳಿಗೆ ಇನ್ನಷ್ಟು ಅಪಾಯ.

ಹಾಗಾದರೆ ಕ್ಲೌನ್ ಮೀನು? ಅದರ ಮೈಮೇಲಿನ ಲೋಳೆ ಅದನ್ನು ಕಾಪಾಡುತ್ತದೆ, ನಿಜ. ಆದರೆ ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಅನಿಮೋನ್‌ಗಳಿದ್ದರೂ ಕ್ಲೌನ್ ಮೀನುಗಳು ಮನೆ ಮಾಡಿಕೊಳ್ಳುವುದು ಹತ್ತು ಬಗೆಗಳಲ್ಲಿ ಮಾತ್ರ, ಆ ಹತ್ತರಲ್ಲೂ ಪ್ರತಿ ಕ್ಲೌನಿಗೂ ಅದರದರ ಆಯ್ಕೆಯಿದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಆಸೆಲ್ಲಾರಿಸ್, ಕಡಲಲ್ಲಿ ಹ್ಯಾಡ್ಡೋನಿಯೊಳಗೆ ವಾಸಿಸುವುದಿಲ್ಲ. ಜೊತೆಗೆ ನನ್ನವು ಮರಿಕೇಂದ್ರದಲ್ಲಿ ಹುಟ್ಟಿದ ಮೀನುಗಳು, ಅನಿಮೋನನ್ನು ಎಂದೂ ಕಂಡಿರಲಿಲ್ಲ. ಕ್ಲೌನ್ ಮೀನು ಮೊದಲು ರೆಕ್ಕೆಯ ತುದಿಯನ್ನು, ಆಮೇಲೆ ಹೊಟ್ಟೆಯನ್ನು ಮೆಲ್ಲಮೆಲ್ಲನೆ ತಾಗಿಸುತ್ತಾ ಅನಿಮೋನಿಗೆ ಒಗ್ಗಿಕೊಳ್ಳುತ್ತದೆ. ನನ್ನ ಜೋಡಿ ಅದರ ಹತ್ತಿರವೂ ಸುಳಿಯಲಿಲ್ಲ. ಅವು ದೂರವೇ ಇವೆಯಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ.

ಫೈರ್‌ಫಿಶ್ ಸತ್ತ ಮರುದಿನವೇ ಅನಿಮೋನನ್ನು ತೆಗೆಯಲು ಹೊರಟೆ. ಅದರ ಪಾದ, ಅಂದರೆ ಅಂಟಿಕೊಳ್ಳುವ ಬುಡ, ಮರಳಿನಡಿ ಹೋಗಿ ತಳದ ಗಾಜನ್ನು ಕಚ್ಚಿ ಹಿಡಿದಿತ್ತು. ಜೋರಾಗಿ ಎಳೆದರೆ ಪಾದ ಹರಿಯುತ್ತದೆ, ಹರಿದರೆ ಅದು ಸಾಯಬಹುದು, ಅಷ್ಟು ದೊಡ್ಡ ಜೀವಿ ಟ್ಯಾಂಕಿನೊಳಗೆ ಕೊಳೆತರೆ ಅಮೋನಿಯಾ ಏರಿ ಎಲ್ಲ ಮೀನುಗಳೂ ಹೋಗುತ್ತವೆ. ಇದನ್ನು ತಿಳಿದವರೊಬ್ಬರು ಫೋನಿನಲ್ಲಿ ಎಚ್ಚರಿಸಿದರು. ಅವರು ಮಣಿಪಾಲದವರು, ಭಾನುವಾರ ಬಂದು ಬಿಡಿಸಿಕೊಡುವುದಾಗಿ ಹೇಳಿದರು. ಕಾಯೋಣವೆಂದುಕೊಂಡೆ.

ಶನಿವಾರ ಬೆಳಿಗ್ಗೆ ತಿಂಡಿ ಹಾಕುವ ಹೊತ್ತಿಗೆ ದೊಡ್ಡ ಕ್ಲೌನ್ ಚಿಕ್ಕದನ್ನು ಅಟ್ಟಿಸಿಕೊಂಡು ಹೋಯಿತು. ಇದು ದಿನವೂ ಇದ್ದದ್ದೇ. ಕ್ಲೌನ್ ಜೋಡಿಯಲ್ಲಿ ದೊಡ್ಡದು ಹೆಣ್ಣು, ದರ್ಬಾರೆಲ್ಲ ಅದರದೇ. ಚಿಕ್ಕದು ತಪ್ಪಿಸಿಕೊಳ್ಳಲು ಕೆಳಗೆ ತಿರುಗಿ ನೇರವಾಗಿ ಅನಿಮೋನಿಗೆ ಬಡಿಯಿತು. ಅಲ್ಲಿಂದ ಏಳಲಿಲ್ಲ.

ಭಾನುವಾರ ಇಬ್ಬರೂ ಕೈಗವಸು ಹಾಕಿಕೊಂಡು ಕುಳಿತೆವು. ಸುತ್ತಲಿನ ಮರಳನ್ನು ಸರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಟ್ಟಿ ಪಾದದ ಬಳಿ ಹಿಡಿದು, ಅದು ಸ್ವಲ್ಪ ಸಡಿಲಿಸಿದಾಗ ಹಳೆಯ ಪ್ಲಾಸ್ಟಿಕ್ ಕಾರ್ಡೊಂದನ್ನು ಅಂಚಿನಿಂದ ತೂರಿಸುತ್ತಾ ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ಪಾದ ಹರಿಯಲಿಲ್ಲ. ಈಗ ಅದು ಅವರ ಟ್ಯಾಂಕಿನಲ್ಲಿದೆ, ಒಂದು ಜೋಡಿ ಕ್ಲಾರ್ಕ್ಸ್ ಕ್ಲೌನ್ ಜೊತೆ, ಬೇರೆ ಒಂದೇ ಒಂದು ಮೀನಿಲ್ಲದೆ. ಆ ಕ್ಲೌನ್ ಹ್ಯಾಡ್ಡೋನಿಯನ್ನು ಸಹಜವಾಗಿ ಒಪ್ಪಿಕೊಳ್ಳುವ ಜಾತಿ. ಅನಿಮೋನಿನ ಮೇಲೆ ನನಗೆ ಸಿಟ್ಟಿಲ್ಲ, ಸಾಕುವುದಾದರೆ ಹಾಗೆ ಸಾಕಬೇಕು. ಪಣಂಬೂರಿನಲ್ಲಿ ಕಡಲಿಗೆ ಬಿಟ್ಟುಬಿಡು ಎಂದವರೂ ಇದ್ದರು. ಎಲ್ಲಿಂದಲೋ ಬಂದ, ಅಂಗಡಿಯ ನೀರಿನ ರೋಗಗಳನ್ನು ಹೊತ್ತಿರಬಹುದಾದ ಜೀವಿಯನ್ನು ನಮ್ಮ ಕಡಲಿಗೆ ಬಿಡುವುದು ತಪ್ಪು, ಅದನ್ನು ಯಾರೂ ಮಾಡಬೇಡಿ.

ಇನ್ನೊಂದು ಮಾತು. ಟ್ಯಾಂಕಿನಲ್ಲಿ ಕ್ಲೌನ್ ಮೀನಿಗೆ ಅನಿಮೋನ್ ಬೇಕೇ ಬೇಕು ಎಂಬುದು ಸುಳ್ಳು. ಕಡಲಲ್ಲಿ ದೊಡ್ಡ ಮೀನುಗಳಿಂದ ತಪ್ಪಿಸಿಕೊಳ್ಳಲು ಬೇಕು. ಮನೆಯ ಗಾಜಿನೊಳಗೆ ಆ ಭಯವಿಲ್ಲ. ಉಳಿದಿರುವ ನನ್ನ ಕ್ಲೌನ್ ಒಡೆದ ಮಣ್ಣಿನ ಕುಂಡದ ಚೂರಿನ ಕೆಳಗೆ ಮಲಗುತ್ತದೆ, ಚೆನ್ನಾಗಿ ತಿನ್ನುತ್ತದೆ.

ಈಗಾಗಲೇ ಮೀನುಗಳ ಜೊತೆ ಕಾರ್ಪೆಟ್ ಅನಿಮೋನ್ ಇಟ್ಟಿರುವವರು ಇಂದು ರಾತ್ರಿಯೇ ಟ್ಯಾಂಕಿನ ಬಳಿ ಬ್ಯಾಟರಿಯಲ್ಲಿ ಉರಿಯುವ ಮಂದ ದೀಪವೊಂದನ್ನು ಇಡಿ. ಈ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ನಾಳೆ ಬೆಳಿಗ್ಗೆ ಮೀನುಗಳನ್ನು ಎಣಿಸಿ. ಒಂದು ಕಡಿಮೆಯಾಗಿದ್ದರೂ ಅನಿಮೋನಿನ ಪಾದದ ಜೊತೆ ಗುದ್ದಾಡುತ್ತಾ ಕೂರಬೇಡಿ, ಮೊದಲು ಮೀನುಗಳನ್ನು ಬಲೆಯಲ್ಲಿ ಹಿಡಿದು ಬೇರೆ ಟ್ಯಾಂಕಿಗೆ ಹಾಕಿ. ಬೇರೆ ಟ್ಯಾಂಕು ಇಲ್ಲದಿದ್ದರೆ ನಡುವೆ ಪ್ಲಾಸ್ಟಿಕ್ ಜಾಲರಿಯನ್ನಾದರೂ ಅಡ್ಡ ಕಟ್ಟಿ. ಶುಕ್ರವಾರ ನಾನು ಅಷ್ಟು ಮಾಡಿದ್ದರೆ ಆ ಚಿಕ್ಕ ಕ್ಲೌನ್ ಉಳಿಯುತ್ತಿತ್ತು.